ಅಕ್ಕಡಿ

ಗಡಿಯಾರದಂಥಾ ತಕ್ಕಡಿ ತೊಲಿಗೆ ಕಟ್ಟಿ
ಚಡ್ಡಿಯಂಥಾ ಚೀಲದಾಗ ಕಾಲು ತೂರಿಸಿ
ತಿಂಗಳಿಗೊಮ್ಮೆ ಒಂದೊಂದ ಕೂಸು ಜೋತುಬಿಡತೀನಿ.
ಜೋಕಾಲಿ ಅಂತ ಕೆಲವು ನಗತಾವ.
ನೀಲವ್ವನ ಮಗ ಹಂಚು ಹಾರೂವಂಗ ಚೀರತಾನ.
ಚೀರೂ ಕೂಸು ಚಲೋ ಬಿಡ್ರಿ ಟೀಚರ,
ಅಂತಾಳ ಆಯಾ ದುರಗವ್ವ,
ಸುಮ್ಮನ ಜೋತುಬೀಳೂ ಕೂಸು ಕಂಡ್ರ ನನಗ ಹೆದರಿಕಿ.

ಮುಳ್ಳು ನಿಂತಲ್ಲಿ ಬರೀಬೇಕು.
ಹಸಿರು, ಹಳದಿ, ಕೆಂಪು.
ಹನ್ನೊಂದು ವರ್ಷದಾಗ ಈ ಕೈ ಸುಳ್ಳು ಬರದಿಲ್ಲ,
"ಒಂದ ನೂರು ಗ್ರಾಂ ಹಿಂದ ಮುಂದ ಹಾಕ್ರಲಾ"
ಅಂತ ಮ್ಯಾಲಿನವರು ಅಂದಾಗೂ.

ಈ ಸಲ ಚೀಲದಾಗ ನನ್ನ ಮಗಳು.
ಹೆಸರು ಅಮೂಲ್ಯ.
ಮೂರು ವರ್ಷ ನಾಕು ತಿಂಗಳು.
ಹತ್ತು ಕಿಲೋ ಒಂಬೈನೂರು.
ಮುಳ್ಳು ಸೊನ್ನಿಗೆ ತಂದು ಮತ್ತ ತೂಗಿದೆ.
ಕಾಲಾಗಿನ ಬೆಳ್ಳಿ ಕಡಗ ತಗೀಲಿಲ್ಲ, ಅದೊಂದು ಮೋಸ.
ಆದ್ರೂ ಹಳದಿ.
ಗ್ವಾಡಿಗೆ ಆತು ನಿಂತಿದ್ರು ಓಣಿ ಹೆಣ್ಮಕ್ಕಳು.
ಬರದೆ.

ಎಂಟು ಎಕರೆ ಎರಿ ಹೊಲ ನಮ್ಮದು.
ಎಂಟೂ ಎಕರೆ ಗೋವಿನಜೋಳ.
ಲಾರಿ ಹತ್ತಿ ಗದಗ ದಾಟಿ
ಎಲ್ಲಿಯದೋ ಕೋಳಿ ಹೊಟ್ಟಿಗೆ ಹೋಗತೈತಿ,
ಆ ಕೋಳಿ ಇಟ್ಟ ತತ್ತಿ
ಎಣಿಸಿ, ಸಹಿ ಹಾಕಿಸಿಕೊಂಡು, ನನ್ನ ಅಂಗನವಾಡಿಗೆ ತಿರುಗಿ ಬರತಾವ.
ಮನಿ ತಾಟಿನಾಗ ಅನ್ನ, ಅದರ ಮ್ಯಾಲ ತೆಳ್ಳನ್ನ ಸಾರು,
ಕೈಯಾಗ ಐದು ರೂಪಾಯಿ ಪಾಕೀಟು.
ಹೊಟ್ಟಿ ತುಂಬೈತಿ ಅಂತ ನಂಬಿದ್ದೆ,
ಮಂದಿ ಮನಿಗೆ ಹೋಗಿ ಪಾಠ ಹೇಳೂ ನಾನು.

ಹಜರತಬಿ ಅಜ್ಜಿ ಗಡಿಗಿಗೆ ಕೈ ಹಾಕಿದಳು.
ಬೂದಿ ಜಾಡಿಸಿದ್ರ ಮಡಿಕಿ ಕಾಳು.
ಇನ್ನೊಂದ್ರಾಗ ಹೆಸರು, ಅಲಸಂದಿ, ಹಿಡಿಯಷ್ಟು ಪುಂಡಿ ಬೀಜ.
"ಹನ್ನೆರಡು ಸಾಲು ಗಂಡಸರದು, ಹದಿಮೂರನೇದು ನಮ್ಮದು.
ಕೂರಿಗಿ ಹಿಂದ ಸಡ್ಡಿ ಹಿಡಕೊಂಡು
ಉಡಿಯಾಗಿನ ಕಾಳು ಬಿಟಗೋತ ನಡೀತಿದ್ವಿ.
ಏನು ಬಿಟ್ಟಿ ಅಂತ ಯಾರೂ ಕೇಳತಿದ್ದಿಲ್ಲ.
ಆ ಸಾಲು ಸಂತಿ ಕಾಣತಿದ್ದಿಲ್ಲ ತಂಗಿ,
ಸೀದಾ ಒಲಿಗೆ ಬರತಿತ್ತು."
ಮತ್ತ ಯಾಕ ಬಿಟ್ರಿ?
"ಟ್ರ್ಯಾಕ್ಟರ್ ಬಂತಲ್ಲ. ಅದರ ಹಿಂದ ಓಡಾಕ ಆಗಲಿಲ್ಲ."

ಮಾವಾರು ನಕ್ಕರು.
ಕಳೆ ಔಷಧ ಹೊಡದ್ರ ಗೋವಿನಜೋಳ ಒಂದ ಉಳೀತೈತಿ,
ಔಷಧಕ್ಕ ನಿನ್ನ ಮಡಿಕಿನೂ ಕಳೆನ, ಅಂದರು.
ಖರೇ ಮಾತು. ನನ್ನ ಕಡೆ ಉತ್ತರ ಇದ್ದಿಲ್ಲ.
ರಜಿಸ್ಟರ್ ಇತ್ತು.
ತೊಡಿ ಮ್ಯಾಲ ಇಟ್ಟು ರೊಟ್ಟಿ ಬಡ್ಯಾಕ ಹೋದೆ.
ಏಳನೇತ್ತಾ ಓದಿದವರು; ಬೆರಳಿಟ್ಟು ಓದತಾರ.
ಬೆರಳು ಒಂದ ಕಡೆ ನಿಂತು ಬಿಟ್ಟಿದ್ದು
ಹಂಚಿನ ಹೊಗಿಯೊಳಗಿಂದ ಕಾಣತಿತ್ತು.

ಮರುದಿನ ಬಿತ್ತೂ ಮುದಕಪ್ಪಗ ಹೇಳಿದರು:
ಬದುವಿನ ಕಡೆ ಎರಡು ತೂತಿಗೆ ಅರಬಿ ತುರುಕು.
ನನ್ನ ಕಡೆ ನೋಡದ ಅಂದರು:
ಹೋಗಿ ಬರೂದ್ರಾಗ ನಾಕು ಸಾಲು ಆಗತಾವ.
ಅಲ್ಲಿ ಔಷಧ ಹೊಡಿಯಂಗಿಲ್ಲ. ಕಳೆ ನೀನ ತಗೀಬೇಕು.

ತಗದೆ. ಸಂಜಿಗೆ, ಮಕ್ಕಳನ್ನ ಮನಿ ಮುಟ್ಟಿಸಿ.
ಕುರಪಿ ಹಿಡದ ಕೈಗೆ ಗುಳ್ಳಿ ಎದ್ದು
ಹಾಜರಿ ಬರಿಯಾಕ ಪೆನ್ನು ಹಿಡಿಯಾಕ ಬರಲಿಲ್ಲ ಎರಡು ದಿನ.
ಮಡಿಕಿ ಅರ್ಧ ಹುಳ ತಿಂದ್ವು.
ಅಲಸಂದಿ ಜೋಳದ ದಂಟಿಗೆ ಹಬ್ಬಿತು, ಮಾವಾರು ಬೈದರು,
ಬೈಕೋತನ ಬಳ್ಳಿ ಬಿಡಿಸಿ ಬದುವಿಗೆ ಬಿಟ್ಟರು.

ಶ್ರಾವಣ ಮುಗೀತಿದ್ದಂಗ ಹೆಸರುಕಾಯಿ.
ಅಮೂಲ್ಯ ಸಾಲಿನ್ಯಾಗ ಕುಂತು
ಸಿಪ್ಪಿ ಸಮೇತ ಜಗಿದು
ಹಸಿರು ಉಗುಳು ಗದ್ದಕ್ಕ ಹಚಗೊಂಡು ಬಂದಳು.
ರಾತ್ರಿ ಪುಂಡಿಪಲ್ಲೆ, ಜೋಳದ ನುಚ್ಚು.
ನೀಲವ್ವನ ಕೈಯಾಗೂ ಒಂದು ಹಿಡಿ ಬೀಜ ಇಟ್ಟೆ.
ಇಟ್ಕೊಳ್ಳಾಕ ಬೂದಿ ಬೇಕು, ಆಕಿ ಮನ್ಯಾಗ ಬರೇ ಗ್ಯಾಸು;
ನನ್ನ ಒಲಿಯಿಂದ ಒಯ್ದಳು.

ಮೊನ್ನೆ ತೂಕ.
ಹನ್ನೊಂದು ಕಿಲೋ ಇನ್ನೂರು.
ಇನ್ನೂ ಹಳದಿನ.
ಈ ಸಲ ಕಡಗ ತಗದು ತೂಗೀನಿ.